ಹೊಸೂರು ಮಾಸ್ಟರ್ ಪ್ಲಾನ್: ಬಣ್ಣದ ಚರ್ಚೆಗೆ ಮೊದಲು ನಮ್ಮ ಕಾಲುವೆಗಳ ಕಲ್ಲು ಹುಡುಕೋಣ

ಕೋಡಿಹಳ್ಳ:

ತಮಿಳುನಾಡಿನ ಹೊಸೂರು ಸುತ್ತಮುತ್ತಲಿನ ಕನ್ನಡದವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ.

ನಮ್ಮದು ಬಾಗಲೂರು ರಸ್ತೆ ಕಡೆಯ ಊರು. ನಾನು ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತೇನೆ. ಎಂಟು ವರ್ಷದ ಹಿಂದೆ ಊರ ಪಕ್ಕದಲ್ಲೇ ಒಂದು ಲೇಔಟ್ ಆಯಿತು. ಮೂವತ್ತು ನಲವತ್ತರ ಸೈಟ್ ತಗೊಂಡು ಮನೆ ಕಟ್ಟಿದೆ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಅಡುಗೆಮನೆಗೆ ಮೊಣಕಾಲಷ್ಟು ನೀರು ನುಗ್ಗಿತು. ರಾಗಿ ಮೂಟೆ ಪೂರ್ತಿ ನೆನೆಯಿತು. ಖಾಲಿ ಸಿಲಿಂಡರ್ ತೇಲಿಕೊಂಡು ಹಿತ್ತಲ ಬಾಗಿಲಿಗೆ ಬಂದು ಬಡಿಯುತ್ತಿತ್ತು. ಆ ಸದ್ದಿಗೇ ನಮಗೆ ಎಚ್ಚರ ಆಗಿದ್ದು. ಬೆಳಿಗ್ಗೆ ಹಳೇ ಮನೆಯಿಂದ ಅಪ್ಪ ಬಂದರು. "ಮೇಲಿನ ಕೆರೆ ಕೋಡಿ ಬಿದ್ದಿದೆ ಕಣೋ. ನಿನ್ನ ಅಡುಗೆಮನೆ ಇರೋ ಜಾಗದಲ್ಲಿ ನಾವು ಎತ್ತು ತೊಳೀತಿದ್ವಿ" ಅಂದರು. ಸೈಟ್ ತಗೊಳ್ಳುವಾಗ ಅವರನ್ನು ಒಂದು ಮಾತು ಕೇಳಬೇಕಿತ್ತು.

ಆಮೇಲೆ ನಮ್ಮ ಸರ್ವೆ ನಂಬರಿನ ಎಫ್‌ಎಂಬಿ ಸ್ಕೆಚ್ (ಸರ್ವೆ ಇಲಾಖೆಯ ಅಳತೆ ನಕ್ಷೆ) ತೆಗೆಸಿದೆ. ಅದರಲ್ಲಿ ನಮ್ಮ ಸಾಲಿನ ಹಿಂದೆ ಎರಡು ಗೆರೆ ಜೊತೆಜೊತೆಯಾಗಿ ಹೋಗುತ್ತವೆ. ಅದೇ ಕೋಡಿ ಕಾಲುವೆ. ಸ್ಕೆಚ್ಚಿನ ಪ್ರಕಾರ ನಾಲ್ಕು ಮೀಟರ್ ಅಗಲ. ನೆಲದ ಮೇಲೆ ಈಗ ಇರುವುದು ಲೇಔಟ್ ರಸ್ತೆಯ ಅಡಿಯಲ್ಲಿ ಎರಡಡಿಯ ಒಂದು ಪೈಪು. ಮಾರಿದವರು ನಮಗೆ ಕೊಟ್ಟ ನಕ್ಷೆಯಲ್ಲಿ ಆ ಜಾಗವನ್ನು ರಸ್ತೆ ಅಂತಲೇ ತೋರಿಸಿದ್ದರು.

ಈಗ ಎಲ್ಲರ ಬಾಯಲ್ಲೂ ಮಾಸ್ಟರ್ ಪ್ಲಾನ್ ಮಾತು. ಯಾರ ಜಮೀನು ಹಳದಿ (ಮನೆ ಕಟ್ಟುವ ಜಾಗ) ಆಯಿತು, ಯಾರದು ಹಸಿರಲ್ಲೇ (ಬೇಸಾಯಕ್ಕೆ) ಉಳಿಯಿತು, ಎಕರೆಗೆ ಎಷ್ಟು ಏರಿತು, ಇದೇ ಚರ್ಚೆ. ನಾನೂ ಮೊಬೈಲಲ್ಲಿ ಭೂಬಳಕೆ ನಕ್ಷೆ ಎಳೆದೂ ಎಳೆದೂ ನೋಡಿದೆ. ಇಡೀ ಊರನ್ನು, ಸುತ್ತಲಿನ ಹಳ್ಳಿಗಳನ್ನು ಒಂದೇ ಹಾಳೆಗೆ ತುಂಬಿಸಿದಾಗ ನಾಲ್ಕು ಮೀಟರಿನ ಕಾಲುವೆ ಕೂದಲೆಳೆಯಷ್ಟೂ ಕಾಣುವುದಿಲ್ಲ. ನಕ್ಷೆಯಲ್ಲಿ ಬಣ್ಣ ಎಲ್ಲ ಸರಿಯಾಗಿದ್ದರೂ ನಮ್ಮ ಅಡುಗೆಮನೆಗೆ ನೀರು ಬಂದೇ ಬರುತ್ತದೆ.

ನಾನು ಕೇಳುವುದು ಇಷ್ಟೇ. ಪ್ರತಿ ಊರಿನವರೂ ತಮ್ಮ ಕೆರೆ, ಕೋಡಿ, ಕಾಲುವೆ, ಬಂಡಿದಾರಿಗಳನ್ನು ಎಫ್‌ಎಂಬಿ ಸ್ಕೆಚ್ ಹಿಡಿದು ನೆಲದ ಮೇಲೆ ಗುರುತಿಸಬೇಕು. ಹಳೇ ಸರ್ವೆ ಕಲ್ಲು ಎಲ್ಲಿದೆ ಅಂತ ಹುಡುಕಬೇಕು. ಸರ್ವೆ ನಂಬರ್ ಸಮೇತ ಲಿಖಿತವಾಗಿ ಕೊಡಬೇಕು. ತಮಿಳುನಾಡಿನ 1971ರ ನಗರ ಗ್ರಾಮ ಯೋಜನಾ ಕಾಯ್ದೆ ಪ್ರಕಾರ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳು ಕೊಡಬೇಕು. ಕರಡು ಬಂದ ಮೇಲೆ ಓಡಾಡಿದರೆ ಎರಡು ತಿಂಗಳು ಎಲ್ಲಿಗೂ ಸಾಲದು. ಈಗಲೇ ಕೈಯಲ್ಲಿ ಇಟ್ಟುಕೊಂಡಿರಬೇಕು.

ಯಾರ ಊರಲ್ಲಿ ಈ ಕೆಲಸ ಆಗಿದೆ? ಯಾರು ಜೊತೆಗೆ ಬರುತ್ತೀರಿ?

ಶೂಲಗಿರಿ ನಕ್ಷೆ:

ಅಣ್ಣಾ, ನಾನು ಬೆಂಗಳೂರಲ್ಲಿ ಪ್ಲಾನಿಂಗ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಆರು ವರ್ಷ ನಕ್ಷೆ ಮಾಡುವ ಕೆಲಸ ಮಾಡಿದವನು. ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಮಾಸ್ಟರ್ ಪ್ಲಾನ್ ಅನ್ನುವುದು ಭೂಬಳಕೆಯ ಒಪ್ಪಂದ. ಇಲ್ಲಿ ಮನೆ, ಇಲ್ಲಿ ಕಾರ್ಖಾನೆ, ಇಲ್ಲಿ ಬೇಸಾಯ ಅಂತ ಹೇಳುತ್ತದೆ. ಅದರ ಕೆಳಗೆ ವಿವರವಾದ ಅಭಿವೃದ್ಧಿ ಯೋಜನೆ ಅಂತ ಇನ್ನೊಂದು ಇರುತ್ತದೆ. ರಸ್ತೆ ಯಾವ ಸರ್ವೆ ನಂಬರಿನಲ್ಲಿ, ಎಷ್ಟು ಅಗಲ, ಕಾಲುವೆಗೆ ಎಷ್ಟು ಜಾಗ ಅನ್ನುವುದೆಲ್ಲ ಅಲ್ಲಿ ಬರಬೇಕು. ಆ ಎರಡನೇ ಮೆಟ್ಟಿಲಿಗೆ ಹೋಗುವಷ್ಟರಲ್ಲಿ ಜನ ಸೈಟ್ ಮಾಡಿ, ಮನೆ ಕಟ್ಟಿ, ಬಾಡಿಗೆಗೂ ಕೊಟ್ಟಿರುತ್ತಾರೆ.

ಹೊಸೂರಿನ ಕಥೆಯನ್ನೇ ನೋಡಿ. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 1,16,821. ಮತ್ತಿಗಿರಿ, ಜುಜುವಾಡಿ, ಮೂಕಂಡಪಲ್ಲಿ, ಆವಲಪಲ್ಲಿ, ಚೆನ್ನತ್ತೂರು ಇವನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಅದೇ 2011ರಲ್ಲಿ ಸುಮಾರು 2.45 ಲಕ್ಷ. ಅಂದರೆ ಊರಿನ ಅರ್ಧಕ್ಕಿಂತ ಜಾಸ್ತಿ ಜನ ಊರಿನ ಗಡಿಯಿಂದ ಆಚೆ ಇದ್ದರು! ಆಚೆ ಇದ್ದಷ್ಟೂ ದಿನ ಅಲ್ಲಿ ಪಂಚಾಯ್ತಿ ಅಪ್ರೂವಲ್ ನಡೆಯುತ್ತಿತ್ತು. 2019ರಲ್ಲಿ ಮಹಾನಗರ ಪಾಲಿಕೆ ಆಯಿತು. ಆಗ ಕೈಗೆ ಬಂದದ್ದು ಆಗಲೇ ಕಟ್ಟಿ ಮುಗಿಸಿದ ಊರು.

ಇನ್ನೊಂದು ತೊಂದರೆ ಇದೆ. 2021ರ ಜನಗಣತಿ ನಡೆಯಲೇ ಇಲ್ಲ. ಮುಂದಿನ ಎಣಿಕೆ 2027ಕ್ಕೆ. ಹಾಗಾಗಿ ಇವತ್ತು ಯಾವ ಊರಿಗೆ ಪ್ಲಾನ್ ಮಾಡಿದರೂ 2011ರ ಅಂಕಿಯನ್ನೇ ಎಳೆದು ಉದ್ದ ಮಾಡಬೇಕು. ಹಳ್ಳಿ ಊರಿಗೆ ಅದು ಪರವಾಗಿಲ್ಲ. ಹೊಸೂರಿನಂಥ ಊರಿಗೆ ಹದಿನೈದು ವರ್ಷ ಹಿಂದಿನ ಅಂಕಿ ಅಂದರೆ ಎರಡನೇ ಕ್ಲಾಸಿನ ಹುಡುಗನ ಅಳತೆ ತಗೊಂಡು ಕಾಲೇಜು ಹುಡುಗನಿಗೆ ಪ್ಯಾಂಟ್ ಹೊಲಿದ ಹಾಗೆ.

ಆಫೀಸುಗಳನ್ನು ಬೈದು ಪ್ರಯೋಜನ ಇಲ್ಲ. ಕೆಲಸ ಮಾಡಲು ಜನವೇ ಇಲ್ಲ. ನೀತಿ ಆಯೋಗ 2021ರಲ್ಲಿ ಒಂದು ವರದಿ ಕೊಟ್ಟಿತು. ದೇಶದ 7,933 ಪಟ್ಟಣ ಪ್ರದೇಶಗಳಲ್ಲಿ 65% ಕಡೆ ಮಾಸ್ಟರ್ ಪ್ಲಾನೇ ಇಲ್ಲ ಅಂತ ಅದರಲ್ಲಿದೆ. ರಾಜ್ಯಗಳ ಯೋಜನಾ ಇಲಾಖೆಗಳಿಗೆ 12,000ಕ್ಕೂ ಜಾಸ್ತಿ ಪ್ಲಾನರ್‌ಗಳು ಬೇಕು. ಮಂಜೂರಾಗಿರುವ ಹುದ್ದೆ ಸುಮಾರು 4,000, ಅದರಲ್ಲೂ 42% ಖಾಲಿ. ನಾಲ್ಕು ಮೀಟರಿನ ಕಾಲುವೆಯನ್ನು ನಡೆದು ನೋಡಲು ಯಾರು ಬರಬೇಕು ಹೇಳಿ? ಅದಕ್ಕೇ ನಿಮ್ಮ ಯೋಚನೆ ನನಗೆ ಇಷ್ಟ ಆಯಿತು. ನಾನು ಬರುತ್ತೇನೆ. ನಕ್ಷೆಗಳನ್ನು ಒಂದರ ಮೇಲೊಂದು ಕೂರಿಸುವ ಕೆಲಸ ನನ್ನದು.

ಸಾಲುಮನೆ ಮೂಕಂಡಪಲ್ಲಿ:

ನಾನು ರಾಯಚೂರಿನವನು ಸಾರ್. ಮೂಕಂಡಪಲ್ಲಿಯಲ್ಲಿ ಬಾಡಿಗೆಗೆ ಇದ್ದೀನಿ. ಒಂದು ವಟಾರ, ಹದಿನಾಲ್ಕು ರೂಮು, ಮೂರು ಕಕ್ಕಸು. ನನಗೆ ಇಲ್ಲಿ ಸೈಟೂ ಇಲ್ಲ, ಸರ್ವೆ ನಂಬರೂ ಇಲ್ಲ. ನಾನು ಮಾತಾಡಬಹುದಾ?

ಬೆಳಗಿನ ಶಿಫ್ಟಿಗೆ ಐದೂವರೆಗೆ ಹೊರಡಬೇಕು. ಮಳೆ ಬಂದರೆ ರಸ್ತೆ ಯಾವುದು ಚರಂಡಿ ಯಾವುದು ಗೊತ್ತಾಗಲ್ಲ. ಹೆದ್ದಾರಿ ದಾಟಬೇಕು ಅಂದರೆ ಲಾರಿ ನಿಲ್ಲುವವರೆಗೂ ಕಾಯಬೇಕು. ನನ್ನ ಹೆಂಡತಿಯೂ ಕೆಲಸಕ್ಕೆ ಹೋಗ್ತಾಳೆ. ರಾತ್ರಿ ಶಿಫ್ಟ್ ಮುಗಿಸಿ ಕಂಪನಿ ಬಸ್ಸು ಇಳಿದ ಮೇಲೆ ಇಪ್ಪತ್ತು ನಿಮಿಷ ನಡೀಬೇಕು. ಆ ದಾರೀಲಿ ಎರಡೇ ದೀಪ.

ನೀವು ಹಳದಿ ಹಸಿರು ಅಂತ ಮಾತಾಡ್ತಾ ಇದ್ದೀರಿ. ಹಳದಿ ಜಾಗದಲ್ಲಿ ಮನೆ ಬರುತ್ತೆ, ಸರಿ. ಯಾರ ಮನೆ? ಇಲ್ಲಿ ಕಾರ್ಖಾನೆ ನಡೆಸುವ ಜನ ಮುಕ್ಕಾಲು ಪಾಲು ನಮ್ಮಂಥವರು. ಬಿಹಾರ, ಒಡಿಶಾದಿಂದ ಬಂದವರೂ ಇದ್ದಾರೆ. ಒಂದು ಕಾರ್ಖಾನೆಗೆ ಜಾಗ ಕೊಡುವಾಗ ನೀರು ಎಷ್ಟು, ಕರೆಂಟು ಎಷ್ಟು ಅಂತ ಕೇಳ್ತಾರೆ. ಅಲ್ಲಿ ಕೆಲಸ ಮಾಡುವವರು ಎಲ್ಲಿ ಮಲಗ್ತಾರೆ ಅಂತಲೂ ಅದೇ ದಿನ ಕೇಳಬೇಕು ಅಲ್ವಾ? ಹಾಗೆ ಕೇಳದೆ ಇದ್ದರೆ ನಾವು ಎಲ್ಲಿ ಬಾಡಿಗೆ ಕಡಿಮೆ ಇದೆಯೋ ಅಲ್ಲಿಗೇ ಹೋಗ್ತೀವಿ. ಅದು ತಗ್ಗಿನ ಜಾಗವೇ ಆಗಿರುತ್ತೆ. ಕೋಡಿಹಳ್ಳ ಅಣ್ಣನ ಮನೆಗೆ ಬಂದ ನೀರು ನಮ್ಮ ವಟಾರಕ್ಕೆ ಪ್ರತಿ ವರ್ಷ ಬರುತ್ತೆ. ಟ್ರಂಕುಗಳನ್ನು ಇಟ್ಟಿಗೆ ಮೇಲೆ ಎತ್ತಿ ಇಟ್ಟುಬಿಟ್ಟಿದ್ದೀವಿ.

ಕೋಡಿಹಳ್ಳ:

ತಮ್ಮಾ, ಖಂಡಿತ ಮಾತಾಡಬೇಕು. ಆಕ್ಷೇಪಣೆ ಕೊಡಲು ಜಮೀನು ಇರಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ಯಾರು ಬೇಕಾದರೂ ಬರೆದು ಕೊಡಬಹುದು. ನಿಮ್ಮ ವಟಾರದ ಹದಿನಾಲ್ಕು ಮನೆಯವರೂ ಸಹಿ ಹಾಕಿ ಕೊಡಿ. ಬೀದಿ ದೀಪ, ದಾಟುವ ಜಾಗ, ಕಾರ್ಮಿಕರ ಮನೆ, ಎಲ್ಲ ಬರೆಯೋಣ.

ಗುಲಾಬಿ ತೋಟ:

ನಮ್ಮದು ಬಾಗಲೂರಿಂದ ಆಚೆ ಒಂದೂವರೆ ಎಕರೆ. ಅರ್ಧ ಎಕರೆ ಪಾಲಿಹೌಸಿನಲ್ಲಿ ಗುಲಾಬಿ, ಉಳಿದದ್ದರಲ್ಲಿ ಕೋಸು, ಟೊಮೇಟೊ, ಒಂದು ಬೆಳೆ ರಾಗಿ. ಯಜಮಾನರು ಹೋದ ಮೇಲೆ ನಾನೇ ನೋಡಿಕೊಳ್ಳುತ್ತಾ ಇದ್ದೇನೆ.

ನಾನು ಬೇಜಾರಿನಿಂದಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಪ್ಲಾನ್ ಮಾಡುವವರು ನಮ್ಮ ಜಮೀನಿಗೆ ಹಸಿರು ಬಣ್ಣ ಬಳಿಯುತ್ತಾರೆ. ಊರಿಗೆಲ್ಲ ಗಾಳಿ ಬೇಕು, ತರಕಾರಿ ಬೇಕು, ಮಳೆ ನೀರು ಇಂಗಬೇಕು ಅಂತ. ಒಳ್ಳೆಯದೇ. ಆದರೆ ಬೇಲಿ ಆಚೆಯ ಜಮೀನು ಹಳದಿ ಆಯಿತು ಅಂದ ಕೂಡಲೇ ಅವರದು ನಮ್ಮದಕ್ಕಿಂತ ನಾಲ್ಕು ಪಟ್ಟು ಬೆಲೆ. ಊರಿಗೆ ಗಾಳಿ ಕೊಡುವ ಖರ್ಚು ನನ್ನೊಬ್ಬಳ ತಲೆ ಮೇಲೆ ಯಾಕೆ? ಮಗಳ ಮದುವೆಗೋ ಆಸ್ಪತ್ರೆಗೋ ಒಂದು ಹತ್ತು ಸೆಂಟು ಮಾರಬೇಕಾದರೆ ನಾನು ಎಲ್ಲಿಗೆ ಹೋಗಲಿ?

2024ರ ಜೂನ್ ತಿಂಗಳಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅವರು ವಿಧಾನಸಭೆಯಲ್ಲಿ ಹೊಸೂರಿಗೆ ವಿಮಾನ ನಿಲ್ದಾಣ ಅಂತ ಹೇಳಿದರು. 2,000 ಎಕರೆ, ವರ್ಷಕ್ಕೆ 3 ಕೋಟಿ ಪ್ರಯಾಣಿಕರು ಅಂತ. ಅದಾದ ವಾರದೊಳಗೆ ನಮ್ಮ ಊರಿನ ಟೀ ಅಂಗಡಿ ಮುಂದೆ ದಿನಾ ಹೊಸ ಕಾರು. ಒಬ್ಬ ಬಂದು ಅಡ್ವಾನ್ಸ್ ಇಟ್ಟುಕೊಳ್ಳಿ ಅಂತ ಐದು ಲಕ್ಷ ಮೇಜಿನ ಮೇಲೆ ಇಟ್ಟ. ನಾನು ಮುಟ್ಟಲಿಲ್ಲ. ಪಕ್ಕದ ಮೂವರು ತಗೊಂಡರು. ಈಗ ಆ ಹೊಲಗಳಲ್ಲಿ ಉಳುಮೆ ಇಲ್ಲ, ಕಟ್ಟಡವೂ ಇಲ್ಲ. ಪಾರ್ಥೇನಿಯಂ ಆಳೆತ್ತರ ಬೆಳೆದಿದೆ. ಅದರ ಬೀಜ ಎಲ್ಲ ಹಾರಿ ನನ್ನ ತೋಟಕ್ಕೆ ಬೀಳುತ್ತೆ.

ಕಾಲುವೆ ಕಲ್ಲು ಹುಡುಕುವುದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ಬಣ್ಣದ ಚರ್ಚೆ ಬೇಡ ಅನ್ನಬೇಡಿ. ನಮಗೆ ಅದೇ ಬದುಕು.

ಶೂಲಗಿರಿ ನಕ್ಷೆ:

ಅಕ್ಕಾ, ನೀವು ಕೇಳಿದ ಪ್ರಶ್ನೆಗೆ ನಮ್ಮ ಪ್ಲಾನುಗಳಲ್ಲಿ ನೇರ ಉತ್ತರ ಇಲ್ಲ. ಒಪ್ಪಿಕೊಳ್ಳುತ್ತೇನೆ. ಆದರೆ ಬೇರೆ ಕಡೆ ಒಂದು ದಾರಿ ಹಿಡಿದಿದ್ದಾರೆ. ಅದನ್ನು ಹೇಳುತ್ತೇನೆ.

ಮೊದಲು ನಮ್ಮ ಕಡೆ ರಸ್ತೆ ಯಾಕೆ ಆಗುವುದಿಲ್ಲ ಅನ್ನುವುದು ತಿಳಿಯಬೇಕು. ಪ್ಲಾನಿನಲ್ಲಿ ನೂರಡಿ ರಸ್ತೆ ಬರೆಯುತ್ತಾರೆ. ಆ ಜಾಗ ಖಾಸಗಿಯವರದು, ದುಡ್ಡು ಕೊಟ್ಟು ತಗೊಳ್ಳಬೇಕು. 2014ರಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯ್ದೆ ಪ್ರಕಾರ ಪರಿಹಾರ ಮಾರುಕಟ್ಟೆ ಬೆಲೆಯ ಎರಡು ಪಟ್ಟು, ಹಳ್ಳಿ ಕಡೆ ನಾಲ್ಕು ಪಟ್ಟಿನವರೆಗೂ ಹೋಗುತ್ತದೆ. ರೈತರಿಗೆ ಅದು ನ್ಯಾಯವೇ. ಆದರೆ ಊರಿನ ಖಜಾನೆಯಲ್ಲಿ ಅಷ್ಟು ಇರುವುದಿಲ್ಲ. 1971ರ ಕಾಯ್ದೆಯ 38ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಮೀಸಲಿಟ್ಟ ಜಾಗವನ್ನು ಮೂರು ವರ್ಷದೊಳಗೆ ತಗೊಳ್ಳದಿದ್ದರೆ ಮೀಸಲು ಬಿಟ್ಟುಹೋಯಿತು ಅಂತಲೇ ಅರ್ಥ. ಮಾಲೀಕ ಕೋರ್ಟಿಗೆ ಹೋಗಿ ಬಿಡಿಸಿಕೊಳ್ಳಬಹುದು. ಹೀಗೆ ಪ್ಲಾನಿನ ರಸ್ತೆ ಅಲ್ಲಲ್ಲಿ ತುಂಡಾಗುತ್ತದೆ. ನಡುವೆ ಒಂದು ತುಂಡು ಹೋದರೂ ಇಡೀ ರಸ್ತೆ ಹೋದಂತೆ.

ಗುಜರಾತಿನಲ್ಲಿ ಟೌನ್ ಪ್ಲಾನಿಂಗ್ ಸ್ಕೀಮ್ ಅಂತ ಮಾಡುತ್ತಾರೆ. ಅದರ ಬೇರು 1915ರ ಬಾಂಬೆ ಕಾಯ್ದೆಯಲ್ಲಿದೆ. ಒಂದು ಪ್ರದೇಶದ ನೂರಾರು ಎಕರೆಯನ್ನು ಕಾಗದದ ಮೇಲೆ ಒಟ್ಟು ಮಾಡುತ್ತಾರೆ. ರಸ್ತೆ, ಕಾಲುವೆ, ಶಾಲೆ, ಪಾರ್ಕಿಗೆ ಜಾಗ ತೆಗೆಯುತ್ತಾರೆ. ಉಳಿದದ್ದನ್ನು ಅದೇ ಮಾಲೀಕರಿಗೆ ಚೌಕಟ್ಟಾದ ಸೈಟುಗಳಾಗಿ ವಾಪಸ್ ಹಂಚುತ್ತಾರೆ. ಎಲ್ಲರೂ ಒಂದೇ ಪ್ರಮಾಣದಲ್ಲಿ ಬಿಟ್ಟುಕೊಡುತ್ತಾರೆ, ಎಲ್ಲರಿಗೂ ರಸ್ತೆ ಮುಖ ಸಿಗುತ್ತದೆ. ಅಹಮದಾಬಾದಿನ 76 ಕಿಲೋಮೀಟರ್ ವರ್ತುಲ ರಸ್ತೆಗೆ ಬಹುಪಾಲು ಜಾಗ ಹೀಗೇ ಬಂತು. 2001ರ ಭೂಕಂಪದ ಮೇಲೆ ಭುಜ್ ಊರಿನ ಹಳೇ ಪೇಟೆಯನ್ನು ಕಟ್ಟಿದ್ದೂ ಇದೇ ದಾರಿಯಲ್ಲಿ. ತಮಿಳುನಾಡಿನ ಕಾಯ್ದೆಯಲ್ಲೂ ಹೀಗೆ ಜಮೀನು ಒಟ್ಟು ಮಾಡುವ ಲ್ಯಾಂಡ್ ಪೂಲಿಂಗ್‌ಗೆ ಈಗ ಜಾಗ ಇದೆ. ಒಬ್ಬರದು ಹಸಿರು ಒಬ್ಬರದು ಹಳದಿ ಅನ್ನುವ ಜಗಳ ಇದರಿಂದ ಸ್ವಲ್ಪ ತಣ್ಣಗಾಗುತ್ತದೆ. ನಷ್ಟ ಲಾಭ ಎರಡೂ ಹಂಚಿಹೋಗುತ್ತದೆ.

ಗುಲಾಬಿ ತೋಟ:

ಸರಿ ಕಣಪ್ಪ, ಕೇಳಲು ಚೆನ್ನಾಗಿದೆ. ಒಂದೂವರೆ ಎಕರೆಯಲ್ಲಿ ನಲವತ್ತು ಪರ್ಸೆಂಟ್ ಬಿಟ್ಟುಕೊಟ್ಟರೆ ನನಗೆ ಉಳಿಯುವುದು ತೊಂಬತ್ತು ಸೆಂಟು. ಅದೂ ಬೇರೆ ಕಡೆ, ಬೇರೆ ಮಣ್ಣು. ನನ್ನ ಬೋರ್‌ವೆಲ್ ಎಲ್ಲಿ ಹೋಯಿತು? ಎರಡು ಬಾರಿ ಕೊರೆಸಿ ನೀರು ಸಿಗದೆ ಮೂರನೇ ಬಾರಿಗೆ ಸಿಕ್ಕಿದ್ದು ಅದು. ಮಾರಿ ಹೋಗುವವರಿಗೆ ಈ ಲೆಕ್ಕ ಸರಿ. ಬೆಳೆದು ತಿನ್ನುವವರಿಗೆ ಬೇರೆ ಲೆಕ್ಕ ಬೇಕು. ಬೇಸಾಯ ಮುಂದುವರಿಸುತ್ತೇವೆ ಅನ್ನುವವರನ್ನು ಮೊದಲೇ ಕೇಳಿ, ಅವರ ಜಮೀನೆಲ್ಲ ಒಂದೇ ಕಡೆ ಇರುವ ಹಾಗೆ ಬಿಡಲಿ. ನೀರಿನ ದಾರಿಯನ್ನೂ ಅಲ್ಲಿಗೇ ಬಿಡಲಿ. ಹೀಗೆ ಬರೆದುಕೊಡಲು ಆಗುತ್ತಾ?

ಶೂಲಗಿರಿ ನಕ್ಷೆ:

ಆಗುತ್ತದೆ ಅಕ್ಕಾ. ನನಗೆ ಈ ಮಾತು ಹೊಳೆದಿರಲಿಲ್ಲ. ಬರೆದಿಟ್ಟುಕೊಂಡಿದ್ದೇನೆ.

ತಳಿ ಮೇಷ್ಟ್ರು:

ನಾನು ತಳಿ ಕಡೆ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವನು. ಮಕ್ಕಳೇ, ಒಂದು ಎಚ್ಚರಿಕೆ ಹೇಳಬೇಕಾಗಿದೆ.

ಇಲ್ಲಿನ ಕಂದಾಯ ಕಾಗದ ತಮಿಳಿನಲ್ಲಿ ಇರುತ್ತದೆ. ನಮ್ಮವರು ಮಾತಾಡುವ ಮಟ್ಟಿಗೆ ತಮಿಳು ಬಲ್ಲರು. ಓದುವಾಗ ಒಂದು ಪದದಲ್ಲಿ ಬಹಳ ಜನ ಎಡವಿದ್ದನ್ನು ಕಂಡಿದ್ದೇನೆ. ತಮಿಳಿನಲ್ಲಿ ಏರಿ ಅಂದರೆ ಕೆರೆ. ಕನ್ನಡದಲ್ಲಿ ಏರಿ ಅಂದರೆ ಕೆರೆಯ ಕಟ್ಟೆ. ಕಾಗದದಲ್ಲಿ "ಏರಿ ಪೊರಂಬೋಕು", ಅಂದರೆ ಕೆರೆಯ ಸರ್ಕಾರಿ ಜಾಗ, ಅಂತ ಇದ್ದರೆ ನಮ್ಮ ರೈತ ಏನು ತಿಳಿಯುತ್ತಾನೆ? ಕಟ್ಟೆ ಮಾತ್ರ ಸರ್ಕಾರದ್ದು, ಒಳಗಿನ ಅಂಗಳ ಯಾರದೋ ಅಂತ. ನನ್ನ ಹತ್ತಿರ ಒಬ್ಬ ಹಳೇ ವಿದ್ಯಾರ್ಥಿ ಕಾಗದ ತಂದಿದ್ದ. ಕೆರೆ ಅಂಗಳದ ಅಂಚಿನಲ್ಲಿ ಒಂದು ತುಂಡು ಕೊಳ್ಳಲು ಮುಂಗಡ ಕೊಟ್ಟುಬಿಟ್ಟಿದ್ದ. ಓದಿ ಹೇಳಿದಾಗ ಅವನ ಮುಖ ಬಿಳಿಚಿಕೊಂಡಿತು. ಅದೃಷ್ಟಕ್ಕೆ ಮುಂಗಡದಲ್ಲೇ ನಿಂತಿತು. ಹಾಗೇ ಓಡೈ ಅಂದರೆ ಹಳ್ಳ, ವಾಯ್ಕಾಲ್ ಅಂದರೆ ಕಾಲುವೆ, ವಂಡಿಪ್ಪಾದೈ ಅಂದರೆ ಬಂಡಿದಾರಿ. ನಮ್ಮ ಕೋಡಿಗೆ ಅವರಲ್ಲಿ ಕಲಿಂಗು ಅಂತಾರೆ. ಈ ಐದು ಪದ ಗೊತ್ತಿದ್ದರೆ ಅರ್ಧ ಕೆಲಸ ಆಯಿತು.

ಇನ್ನೊಂದು. ಹಳೇ ದಾಖಲೆಯಲ್ಲಿ ಸೇಲಂ ಜಿಲ್ಲೆ ಅಂತ ಕಂಡರೆ ಗಾಬರಿ ಬೇಡ. ಹೊಸೂರು 1965ರವರೆಗೆ ಸೇಲಂ ಜಿಲ್ಲೆಯಲ್ಲಿತ್ತು. ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಊರು ಅಲ್ಲೇ ಇದೆ, ಜಿಲ್ಲೆ ಎರಡು ಸಲ ಬದಲಾಯಿತು.

ಮತ್ತಿಗಿರಿಯ ದನದ ಫಾರಂ ಬಗ್ಗೆಯೂ ಬರೆಯಿರಿ. 1824ರಲ್ಲಿ ಕಂಪನಿ ಕಾಲದಲ್ಲಿ ಕುದುರೆ ಸಾಕಲು ಶುರು ಮಾಡಿದ್ದು. ಸುಮಾರು 1,600 ಎಕರೆ ಬಯಲು. ಊರು ಸುತ್ತ ಬೆಳೆದರೂ ಅದು ಇವತ್ತಿಗೂ ಬಯಲಾಗಿಯೇ ಇದೆ. ಅಲ್ಲಿ ಬಿದ್ದ ಮಳೆ ಅಲ್ಲೇ ಇಂಗುತ್ತದೆ. ಅದಕ್ಕೆ ಕೈ ಹಾಕದೆ ಬಿಡಿ ಅಂತ ನನ್ನ ಹೆಸರಿನಲ್ಲಿ ಒಂದು ಅರ್ಜಿ ಕೊಡುತ್ತೇನೆ. ನೋಟಿಸು, ವಿವರಣೆ ಎಲ್ಲ ಕನ್ನಡ, ತೆಲುಗಿನಲ್ಲೂ ಕೊಡಿ ಅಂತ ಅದರಲ್ಲೇ ಕೇಳುತ್ತೇನೆ. ಓದಲಾಗದವನಿಗೆ ಎರಡು ತಿಂಗಳು ಕೊಟ್ಟರೂ ಒಂದೇ, ಎರಡು ವರ್ಷ ಕೊಟ್ಟರೂ ಒಂದೇ.

ಡೆಂಕಣಿಕೋಟೆ ಕಾಡಂಚು:

ಆನೆಗಳ ದಾರಿಯನ್ನೂ ಸೇರಿಸಿ ಮೇಷ್ಟ್ರೇ. ರಾಗಿ ತೆನೆ ಬರುವ ಹೊತ್ತಿಗೆ ಬನ್ನೇರುಘಟ್ಟ ಕಡೆಯಿಂದ ಇಳಿದು ಸಾನಮಾವು ಕಾಡಿನವರೆಗೂ ಬರುತ್ತವೆ. ಒಂದು ಲೇಔಟಿನವರು ಸೋಲಾರ್ ಬೇಲಿ ಹಾಕಿದರೆ ಅವು ಪಕ್ಕದ ಊರಿನ ಹೊಲಕ್ಕೆ ತಿರುಗುತ್ತವೆ. ಹೋದ ವರ್ಷ ನಮ್ಮ ಕಣದಲ್ಲಿದ್ದ ಮೆದೆ ಪೂರ್ತಿ ಹೋಯಿತು. ಎಲ್ಲಿ ದಾಟುತ್ತವೆ ಅಂತ ನಮ್ಮೂರಿನ ಕಾವಲುಗಾರರಿಗೆ ಹೆಜ್ಜೆ ಹೆಜ್ಜೆಗೂ ಗೊತ್ತು. ಯಾರೂ ಕೇಳುವುದಿಲ್ಲ, ಅಷ್ಟೇ.

ಅತ್ತಿಬೆಲೆ ಗಡಿಮನೆ:

ನಾನು ಗಡಿಯಿಂದ ಈಚೆಯವನು. ಆದರೆ ಸಂಸಾರ, ನೆಂಟಸ್ತಿಕೆ, ಕೆಲಸ ಎಲ್ಲ ಹೊಸೂರಿನ ಜೊತೆ. ಜುಜುವಾಡಿ ಚೆಕ್‌ಪೋಸ್ಟ್ ದಾಟಿದರೆ ಬೇರೆ ರಾಜ್ಯ ಅಂತ ನಮಗೆ ಅನ್ನಿಸುವುದೇ ಇಲ್ಲ. ನಕ್ಷೆಗೆ ಮಾತ್ರ ಅನ್ನಿಸುತ್ತದೆ. ಆನೇಕಲ್ ಕಡೆಯ ಪ್ಲಾನ್ ಕರ್ನಾಟಕದ 1961ರ ಕಾಯ್ದೆ ಕೆಳಗೆ, ಹೊಸೂರಿನದು 1971ರ ಕಾಯ್ದೆ ಕೆಳಗೆ. ಎರಡೂ ನಕ್ಷೆಯಲ್ಲಿ ಗಡಿ ಬಂದ ಕೂಡಲೇ ಬಣ್ಣ ನಿಂತು ಬಿಳಿ ಹಾಳೆ ಶುರು. ರಸ್ತೆ ಗಡಿಯವರೆಗೆ ಅಗಲ, ಆಮೇಲೆ ಕಿರಿದು.

ನೀರಿಗಂತೂ ಗಡಿ ಗೊತ್ತಿಲ್ಲ. ಬೆಳ್ಳಂದೂರು, ವರ್ತೂರು ಕಡೆಯ ಕೊಳಚೆ ದಕ್ಷಿಣ ಪಿನಾಕಿನಿ ಸೇರಿ ನಿಮ್ಮ ಕೆಲವರಪಲ್ಲಿ ಅಣೆಕಟ್ಟಿಗೆ ಬರುತ್ತದೆ. ಮಳೆ ಬಂದಾಗ ಅಲ್ಲಿ ಏಳುವ ನೊರೆ ನಮ್ಮ ಕಡೆಯ ಸಾಬೂನು, ಸೋಪಿನ ಪುಡಿ, ಕಾರ್ಖಾನೆ ನೀರು. ನನಗೆ ನಾಚಿಕೆ ಆಗುತ್ತದೆ. ಬೆಂಗಳೂರಿನ ಪ್ಲಾನ್ ನೋಡಿದರೆ ಇವತ್ತಿಗೂ 2007ರಲ್ಲಿ ಜಾರಿಗೆ ಬಂದದ್ದೇ ಓಡುತ್ತಿದೆ. 2031ಕ್ಕೆ ಅಂತ 2017ರಲ್ಲಿ ಒಂದು ಕರಡು ಬಂತು, 2020ರಲ್ಲಿ ಅದನ್ನು ವಾಪಸ್ ತಗೊಂಡರು. ಮೇಲಿನ ಊರಿಗೆ ಹೊಸ ಪ್ಲಾನ್ ಇಲ್ಲದೆ ಕೆಳಗಿನ ಊರು ಎಷ್ಟು ಚೆನ್ನಾಗಿ ಪ್ಲಾನ್ ಮಾಡಿದರೂ ನೊರೆ ನಿಲ್ಲುವುದಿಲ್ಲ.

ಮೆಟ್ರೋ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಬಂತು. ಅಲ್ಲಿಂದ ಹೊಸೂರಿಗೆ ಬಸ್ಸಿನಲ್ಲೇ ನೇತಾಡಿಕೊಂಡು ಬರಬೇಕು. ಬೆಂಗಳೂರನ್ನು ದೂರದಿಂದ ಸುತ್ತುವ ಸ್ಯಾಟಲೈಟ್ ರಿಂಗ್ ರಸ್ತೆಯೂ ಹೊಸೂರು ಮುಟ್ಟಿ ಹೋಗುತ್ತದೆ. ಸುಮಾರು 280 ಕಿಲೋಮೀಟರ್. ಅದರ ಎರಡೂ ಬದಿ ಲೇಔಟ್ ಬೋರ್ಡುಗಳು ನಿಂತಾಗಿದೆ. ಆ ರಸ್ತೆ ಎಷ್ಟು ಕಾಲುವೆಗಳನ್ನು ಅಡ್ಡ ಕಡಿಯುತ್ತದೆ, ಅಲ್ಲಿ ಮೋರಿ ಎಷ್ಟು ದೊಡ್ಡದು ಅಂತಲೂ ನೋಡಬೇಕು. ಗಡಿಯ ಈಚೆ ಕಡೆ ಕಾಲುವೆ ನಡೆದು ನೋಡುವ ಕೆಲಸಕ್ಕೆ ನಾನು, ನನ್ನ ಇಬ್ಬರು ಗೆಳೆಯರು ತಯಾರು.

ಹೊಸ ಸೈಟು:

ನನ್ನದೊಂದು ಪ್ರಶ್ನೆ. 2015ರಲ್ಲಿ ರಿಜಿಸ್ಟರ್ ಆದ ಸೈಟು. ಡಿಟಿಸಿಪಿ (ನಗರ ಗ್ರಾಮ ಯೋಜನಾ ಇಲಾಖೆ) ಅಪ್ರೂವಲ್ ಇಲ್ಲ. ಹಿಂದೆ ಒಂದು ಸಣ್ಣ ಓಡೈ ಇದೆ. ಮಾಸ್ಟರ್ ಪ್ಲಾನ್‌ನಲ್ಲಿ ಹಳದಿ ಬಂದರೆ ತಾನಾಗಿಯೇ ಸಕ್ರಮ ಆಗುತ್ತಾ?

ಶೂಲಗಿರಿ ನಕ್ಷೆ:

ಆಗುವುದಿಲ್ಲ. ಎರಡೂ ಬೇರೆ ಬೇರೆ. ಅಪ್ರೂವಲ್ ಇಲ್ಲದ ಸೈಟುಗಳ ನೋಂದಣಿಗೆ ಮದ್ರಾಸ್ ಹೈಕೋರ್ಟ್ 2016ರ ಸೆಪ್ಟೆಂಬರಿನಲ್ಲಿ ತಡೆ ಕೊಟ್ಟಿತು. ಆಮೇಲೆ 2017ರಲ್ಲಿ ಸಕ್ರಮ ನಿಯಮ ಬಂತು. 2016ರ ಅಕ್ಟೋಬರ್ 20ಕ್ಕೆ ಮೊದಲು ನೋಂದಣಿ ಆದ ಸೈಟುಗಳಿಗೆ ಅದು ಅನ್ವಯ. ನಿಮ್ಮದು ಆ ಲೆಕ್ಕದಲ್ಲಿ ಬರುತ್ತದೆ. ಆದರೆ ಕೆರೆ, ಕಾಲುವೆ, ಸರ್ಕಾರಿ ಪೊರಂಬೋಕು ಜಾಗಕ್ಕೆ ಸಕ್ರಮ ಇಲ್ಲ. ಹಾಗಾಗಿ ಮೊದಲು ಎಫ್‌ಎಂಬಿ ತೆಗೆಸಿ. ಆ ಓಡೈ ನಿಮ್ಮ ಸೈಟಿನಿಂದ ಎಷ್ಟು ದೂರ ಅಂತ ಸರ್ವೇಯರ್ ಹತ್ತಿರ ಅಳೆಸಿ. ಮನೆ ಕಟ್ಟುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು.

ಕೋಡಿಹಳ್ಳ:

ಎಲ್ಲರಿಗೂ ನಮಸ್ಕಾರ. ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಭಾನುವಾರ ನಾವು ಒಂಬತ್ತು ಜನ ಮೇಲಿನ ಕೆರೆ ಕೋಡಿಯಿಂದ ನಡೆದೆವು. ಅಪ್ಪ ಮುಂದೆ, ಕೈಯಲ್ಲಿ ಕುಡುಗೋಲು. ನಾನು ಸ್ಕೆಚ್ ಹಿಡಿದಿದ್ದೆ. ಶೂಲಗಿರಿ ತಮ್ಮ ಮೊಬೈಲಲ್ಲಿ ಗುರುತು ಹಾಕುತ್ತಿದ್ದ. ಮೂಕಂಡಪಲ್ಲಿಯಿಂದ ರಾಯಚೂರು ತಮ್ಮನೂ ರಾತ್ರಿ ಶಿಫ್ಟ್ ಮುಗಿಸಿ ನೇರ ಬಂದಿದ್ದ. ಕೋಡಿ ಕಲ್ಲಿನ ಚಪ್ಪಡಿ ಚೆನ್ನಾಗಿದೆ. ಅಲ್ಲಿಂದ ಇನ್ನೂರು ಮೀಟರ್ ಕಾಲುವೆಯೂ ಚೆನ್ನಾಗಿದೆ, ಹೊಂಗೆ ಮರಗಳ ನೆರಳಿದೆ. ಆಮೇಲೆ ಕಟ್ಟಡದ ಕಸ ಸುರಿದಿದ್ದಾರೆ. ಒಂದು ಕಡೆ ಯಾರದೋ ಕಾಂಪೌಂಡು ಕಾಲುವೆಯ ನಡುವೆಯೇ ನಿಂತಿದೆ. ಅದರ ಬುಡದಲ್ಲಿ ಅಪ್ಪ ಕೆದಕಿದಾಗ ಸರ್ವೆ ಕಲ್ಲು ಸಿಕ್ಕಿತು. ಬಾಣದ ಗುರುತು ಇನ್ನೂ ಕಾಣುತ್ತದೆ. ಒಟ್ಟು ಹದಿಮೂರು ಕಲ್ಲು ಇರಬೇಕಿತ್ತು, ಎಂಟು ಸಿಕ್ಕವು.

ನಮ್ಮ ಲೇಔಟಿನಲ್ಲಿ ಒಂದು ವಿಷಯ ಹೊಸದಾಗಿ ಗೊತ್ತಾಯಿತು. ಕಾಲುವೆ ನನ್ನ ಸೈಟಿನ ಒಳಗೆ ಬಂದಿಲ್ಲ. ಒಂದೂವರೆ ಮೀಟರ್ ಆಚೆ ಇದೆ. ಆದರೆ ನನ್ನ ಹಿತ್ತಲ ಬಟ್ಟೆ ಒಗೆಯುವ ಕಲ್ಲು, ನೀರಿನ ತೊಟ್ಟಿ ಎರಡೂ ಅದರೊಳಗೆ ಇವೆ. ಅವತ್ತೇ ಸಂಜೆ ತೊಟ್ಟಿ ಒಡೆಸಿದೆ. ಮೊದಲು ನಾನು ಬಿಟ್ಟುಕೊಡದೆ ಬೇರೆಯವರ ಕಾಂಪೌಂಡಿನ ಬಗ್ಗೆ ಅರ್ಜಿ ಬರೆಯಲು ಮನಸ್ಸು ಬರಲಿಲ್ಲ. ಪಕ್ಕದ ಮನೆಯವರು ಜಗಳ ಮಾಡಿದರು. ಎರಡು ದಿನ ಆದ ಮೇಲೆ ಅವರೇ ಬಂದು ತಮ್ಮ ಸ್ಕೆಚ್ಚೂ ತೆಗೆಸಿಕೊಡಿ ಅಂದರು.

ಎಂಟು ಕಲ್ಲಿನ ಫೋಟೋ, ಸರ್ವೆ ನಂಬರ್, ಸ್ಕೆಚ್ ಪ್ರತಿ, 64 ಜನರ ಸಹಿ ಎಲ್ಲ ಸೇರಿಸಿ ಸೋಮವಾರದ ಅಹವಾಲು ದಿನ ಕೃಷ್ಣಗಿರಿಯಲ್ಲಿ ಕೊಟ್ಟು ಬಂದೆವು. ಮೇಷ್ಟ್ರು ತಮಿಳಿನಲ್ಲಿ ಬರೆದುಕೊಟ್ಟಿದ್ದರು. ಗುಲಾಬಿ ಅಕ್ಕ ಹೇಳಿದ ಬೇಸಾಯದ ಮಾತು, ವಟಾರದವರ ದೀಪದ ಮಾತು, ಆನೆ ದಾರಿ, ದನದ ಫಾರಂ ಎಲ್ಲ ಬೇರೆ ಬೇರೆ ಹಾಳೆಯಲ್ಲಿ ಇವೆ. ಅರ್ಜಿ ನಂಬರ್ ಸಿಕ್ಕಿದೆ. ಪೈಪು ತೆಗೆದು ಮೋರಿ ಕಟ್ಟುವುದಕ್ಕೆ ಅಳತೆ ಮಾಡಿಸುತ್ತೇವೆ ಅಂತ ಹೇಳಿದ್ದಾರೆ. ತಾರೀಕು ಹೇಳಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಹೋಗುತ್ತೇನೆ.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಬಾಗಲೂರು ಆಚೆಯ ಕಾಲುವೆ ನಡೆಯುವುದು. ಉಳಿದ ಐದು ಕಲ್ಲನ್ನೂ ಹುಡುಕಬೇಕು. ಹಾರೆ, ಟೇಪು, ಕುಡಿಯುವ ನೀರು ತನ್ನಿ.

ಗುಲಾಬಿ ತೋಟ:

ಐದರಲ್ಲಿ ಎರಡು ನನ್ನ ತೋಟದ ಮೂಲೆಯಲ್ಲಿ ಇವೆ ಅಣ್ಣಾ. ಯಜಮಾನರು ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಈಗ ಪಾರ್ಥೇನಿಯಂ ಮುಚ್ಚಿದೆ. ಶನಿವಾರ ಕೀಳಿಸಿ, ಸುಣ್ಣ ಬಳಿದು ಇಟ್ಟಿರುತ್ತೇನೆ. ತಿಂಡಿಗೆ ಯಾರೂ ಕಟ್ಟಿಕೊಂಡು ಬರಬೇಡಿ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡುತ್ತೇನೆ. ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರದೊಳಗೆ ಹೇಳಿ.